ಲೇಟೆಕ್ ಪಾಠವನ್ನು ಎಚ್‌ಟಿಎಂಎಲ್ ಮಾಡುವಾಗ ಚಿತ್ರಗಳು ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ?

"ಪಿಡಿಎಫ್‌ನಲ್ಲಿ ಚಿತ್ರ ಚೆನ್ನಾಗಿ ಬರುತ್ತೆ. ಎಚ್‌ಟಿಎಂಎಲ್ ಮಾಡಿದ ತಕ್ಷಣ ಮಾಯ. ಯಾಕೆ?" ಕಾಲೇಜಿನಲ್ಲಿ ಪಾಠ ಮಾಡುವವರು, ಸಂಶೋಧನೆ ಮಾಡುತ್ತಿರುವವರು, ಕನ್ನಡದಲ್ಲಿ ವಿಜ್ಞಾನ ಬರೆಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಿಮಗೆ ಲೇಟೆಕ್‌ನಲ್ಲಿ ಒಂದು ಲೇಖನ ಬರೆದು ಪಿಡಿಎಫ್ ಮಾಡುವಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ಇಲ್ಲಿದೆ.

ಶುರು ಮಾಡುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ನಾನು ಬೇರೆ ಹೇಳದಿದ್ದರೆ ಸಣ್ಣ ಅಕ್ಷರದಲ್ಲಿ ಇರಬೇಕು. ನಾನು ಜಾಗ ಬಿಟ್ಟ ಕಡೆ ಮಾತ್ರ ಜಾಗ ಬಿಡಿ.

ಚಿತ್ರ ಯಾಕೆ ಮಾಯವಾಗುತ್ತದೆ?

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಿಡಿಎಫ್ ಅಂದರೆ ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ. ಚಿತ್ರ ಅದರೊಳಗೇ ಇರುತ್ತದೆ, ಫೈಲ್ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ. ಎಚ್‌ಟಿಎಂಎಲ್ ಹಾಗಲ್ಲ. ಅದರಲ್ಲಿರುವುದು "ಊಟ ಇಂಥವರ ಮನೆಯಲ್ಲಿದೆ" ಎಂಬ ಚೀಟಿ ಮಾತ್ರ. ಬ್ರೌಸರ್ ಆ ಚೀಟಿ ಓದಿ, ಹೇಳಿದ ಜಾಗಕ್ಕೆ ಹೋಗಿ, ಹೇಳಿದ ಹೆಸರಿನ ಫೈಲ್ ತಂದು ತೋರಿಸಬೇಕು. ಆ ಜಾಗದಲ್ಲಿ ಫೈಲ್ ಇಲ್ಲದಿದ್ದರೆ ಚಿತ್ರ ಇಲ್ಲ. ಫೈಲ್ ಇದ್ದು, ಅದು ಬ್ರೌಸರ್‌ಗೆ ಗೊತ್ತಿಲ್ಲದ ರೂಪದಲ್ಲಿದ್ದರೂ ಚಿತ್ರ ಇಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಚಿತ್ರಗಳನ್ನು ಮೊದಲು ಸಿದ್ಧ ಮಾಡಿ, ಪರಿವರ್ತನೆಯನ್ನು ಆಮೇಲೆ ಮಾಡಿ. ಪರಿವರ್ತಕ, ಅಂದರೆ ಲೇಟೆಕ್ ಓದಿ ಎಚ್‌ಟಿಎಂಎಲ್ ಬರೆಯುವ ತಂತ್ರಾಂಶ, ಚಿತ್ರದ ಕೆಲಸವನ್ನೂ ತಾನೇ ಮಾಡಿಕೊಳ್ಳಲಿ ಎಂದು ಬಿಟ್ಟರೆ ಗಂಟೆಗಟ್ಟಲೆ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಸರಳ ಲೋಲಕದ ಬಗ್ಗೆ ಒಂದು ಪಾಠ. ಅದರಲ್ಲಿ ಮೂರು ಚಿತ್ರ. ಒಂದು, ಟಿಕ್‌ಝಡ್‌ನಲ್ಲಿ ಬರೆದ ಲೋಲಕದ ರೇಖಾಚಿತ್ರ. ಟಿಕ್‌ಝಡ್ ಎಂದರೆ ಲೇಟೆಕ್ ಒಳಗೇ ಕೋಡ್ ಬರೆದು ಚಿತ್ರ ಬಿಡಿಸುವ ಪ್ಯಾಕೇಜ್. ಎರಡು, ದಾರದ ಉದ್ದಕ್ಕೂ ಆಂದೋಲನದ ಅವಧಿಗೂ ಇರುವ ಸಂಬಂಧದ ನಕ್ಷೆ, ಪಿಡಿಎಫ್ ರೂಪದಲ್ಲಿ. ಮೂರು, ಪ್ರಯೋಗಾಲಯದಲ್ಲಿ ಮೊಬೈಲ್‌ನಿಂದ ತೆಗೆದ ಫೋಟೋ, ಜೆಪಿಜಿ ರೂಪದಲ್ಲಿ.

ಹಂತ 1: ಯಾವ ಚಿತ್ರ ಯಾವ ರೂಪದಲ್ಲಿದೆ ನೋಡಿ

ನಿಮ್ಮ ಫೋಲ್ಡರ್ ತೆರೆದು ಚಿತ್ರಗಳ ಹೆಸರಿನ ಬಾಲ, ಅಂದರೆ ಚುಕ್ಕಿಯ ನಂತರದ ಅಕ್ಷರಗಳನ್ನು ನೋಡಿ. ಜೆಪಿಜಿ, ಪಿಎನ್‌ಜಿ, ಎಸ್‌ವಿಜಿ ಆಗಿದ್ದರೆ ಎಲ್ಲ ಬ್ರೌಸರ್‌ಗಳೂ ತೋರಿಸುತ್ತವೆ. ಇಪಿಎಸ್ ಆಗಿದ್ದರೆ ಯಾವುದೂ ತೋರಿಸುವುದಿಲ್ಲ.

ಪಿಡಿಎಫ್‌ನದ್ದೇ ಮೋಸದ ಕಥೆ. ಪಿಡಿಎಫ್ ಅನ್ನು ಬ್ರೌಸರ್‌ನಲ್ಲಿ ನೇರವಾಗಿ ತೆರೆಯಬಹುದು, ಹಾಗಾಗಿ ಪುಟದ ನಡುವೆ ಚಿತ್ರವಾಗಿಯೂ ಬರುತ್ತದೆ ಎಂದು ಅನ್ನಿಸುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಬರುವುದಿಲ್ಲ. ಆಪಲ್‌ನ ಸಫಾರಿಯಲ್ಲಿ ಬರುತ್ತದೆ. ಮ್ಯಾಕ್ ಬಳಸುವವರು ಇಲ್ಲೇ ಎಡವುವುದು. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಕಂಡಿತು ಎಂದು ಪುಟ ಹಾಕಿಬಿಡುತ್ತಾರೆ, ಆಂಡ್ರಾಯ್ಡ್ ಫೋನ್‌ನಲ್ಲಿ ಓದುವ ವಿದ್ಯಾರ್ಥಿಗೆ ಖಾಲಿ ಚೌಕ ಕಾಣುತ್ತದೆ.

ಫೈಲ್ ಹೆಸರುಗಳನ್ನೂ ಈಗಲೇ ಸರಿ ಮಾಡಿಬಿಡಿ. ಹೆಸರಿನ ನಡುವೆ ಜಾಗ ಬೇಡ, ಎರಡು ಚುಕ್ಕಿ ಬೇಡ, ಕನ್ನಡ ಅಕ್ಷರವೂ ಬೇಡ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ನಡುವೆ ಹೈಫನ್ ಇಷ್ಟೇ ಇರಲಿ. ಕ್ಯಾಮೆರಾದಿಂದ ಬಂದ ಫೋಟೋಗಳ ಬಾಲ ಎಷ್ಟೋ ಸಲ ದೊಡ್ಡ ಅಕ್ಷರದ ಜೆಪಿಜಿ ಆಗಿರುತ್ತದೆ. ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಎರಡೂ ಬೇರೆ ಬೇರೆ ಫೈಲ್. ನನ್ನದೇ ಒಂದು ಪಾಠದಲ್ಲಿ ಹನ್ನೊಂದು ಫೋಟೋಗಳಲ್ಲಿ ನಾಲ್ಕು ಮಾತ್ರ ಕಾಣಿಸುತ್ತಿದ್ದವು. ಕಾರಣ ಇಷ್ಟೇ ಎಂದು ತಿಳಿಯಲು ಒಂದಿಡೀ ಸಂಜೆ ಹೋಯಿತು.

ಹಂತ 2: ಬ್ರೌಸರ್‌ಗೆ ಒಪ್ಪುವ ರೂಪಕ್ಕೆ ತನ್ನಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇದೇ ಮುಖ್ಯ ಕೆಲಸ.

ಚಿತ್ರಗಳಲ್ಲಿ ಎರಡು ಜಾತಿ. ಗೆರೆ, ಅಕ್ಷರ, ಆಕಾರಗಳನ್ನು ಲೆಕ್ಕದ ರೂಪದಲ್ಲಿ ಇಟ್ಟುಕೊಂಡಿರುವುದು ಒಂದು ಜಾತಿ, ಅದನ್ನು ವೆಕ್ಟರ್ ಎನ್ನುತ್ತಾರೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ. ಚುಕ್ಕಿಗಳ ಚಾಪೆಯಂತೆ ಇರುವುದು ಇನ್ನೊಂದು ಜಾತಿ, ಅದು ರಾಸ್ಟರ್. ಫೋಟೋಗಳೆಲ್ಲ ರಾಸ್ಟರ್. ರೇಖಾಚಿತ್ರ, ನಕ್ಷೆಗಳು ವೆಕ್ಟರ್ ಆಗಿದ್ದರೆ ಚೆಂದ. ವೆಬ್‌ನಲ್ಲಿ ವೆಕ್ಟರ್ ಅಂದರೆ ಎಸ್‌ವಿಜಿ.

ಪಿಡಿಎಫ್ ರೂಪದಲ್ಲಿರುವ ನಕ್ಷೆಯನ್ನು ಎಸ್‌ವಿಜಿ ಮಾಡಲು ನಾನು ಬಳಸುವುದು ಪಾಪ್ಲರ್ ಎಂಬ ಉಚಿತ ತಂತ್ರಾಂಶದ ಜೊತೆ ಬರುವ ಒಂದು ಚಿಕ್ಕ ಸಾಧನ. ಉಬುಂಟುವಿನಲ್ಲಿ ಪಾಪ್ಲರ್-ಯುಟಿಲ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಹಾಕಿಕೊಳ್ಳಬಹುದು. ಟರ್ಮಿನಲ್‌ನಲ್ಲಿ ಹೀಗೆ ಕೊಡಿ:

ಪಿಡಿಎಫ್‌ಟುಕೈರೋ -ಎಸ್‌ವಿಜಿ ನಕ್ಷೆ.ಪಿಡಿಎಫ್ ನಕ್ಷೆ.ಎಸ್‌ವಿಜಿ

ಮೊದಲನೆಯದು ಒಂದೇ ಪದ. ನಡುವಿನ "ಟು" ಅಂದರೆ ಟಿ ಮತ್ತು ಓ ಎಂಬ ಎರಡು ಅಕ್ಷರ, ಅಂಕಿ ಎರಡಲ್ಲ. "ಕೈರೋ" ಎಂಬುದು ಈಜಿಪ್ಟಿನ ಊರಿನ ಕಾಗುಣಿತವೇ. ಒಂದು ಕ್ಷಣದಲ್ಲಿ ಎಸ್‌ವಿಜಿ ಸಿದ್ಧವಾಗುತ್ತದೆ. ಅದನ್ನು ಬ್ರೌಸರ್‌ನಲ್ಲಿ ಎಳೆದು ಹಾಕಿ ಕಣ್ಣಾರೆ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಸುತ್ತಲೂ ಜಾಸ್ತಿ ಬಿಳಿ ಜಾಗ ಇದ್ದರೆ ಎಸ್‌ವಿಜಿ ಮಾಡುವ ಮೊದಲೇ ಪಿಡಿಎಫ್‌ಕ್ರಾಪ್ ಎಂಬ ಸಾಧನದಿಂದ ಕತ್ತರಿಸಿ. ಟೆಕ್ ಲೈವ್ ಹಾಕಿಕೊಂಡವರ ಬಳಿ ಅದು ಆಗಲೇ ಇರುತ್ತದೆ. ಲೇಟೆಕ್‌ನಲ್ಲಿ ಟ್ರಿಮ್, ಕ್ಲಿಪ್ ಎಂಬ ಆಯ್ಕೆ ಕೊಟ್ಟು ಕತ್ತರಿಸುವ ಅಭ್ಯಾಸ ಎಷ್ಟೋ ಜನರಿಗಿದೆ. ಪಿಡಿಎಫ್‌ಗೆ ಅದು ಸರಿ. ಎಚ್‌ಟಿಎಂಎಲ್‌ಗೆ ಹೋಗುವಾಗ ಆ ಆಯ್ಕೆಗಳನ್ನು ನೆಚ್ಚಿಕೊಳ್ಳಬೇಡಿ, ಕತ್ತರಿಸದ ಪೂರ್ತಿ ಚಿತ್ರ ಬಂದು ಕೂರಬಹುದು.

ಇಪಿಎಸ್ ಇದ್ದರೆ ಮೊದಲು ಇಪಿಎಸ್‌ಟುಪಿಡಿಎಫ್ ಎಂಬ ಸಾಧನದಿಂದ ಪಿಡಿಎಫ್ ಮಾಡಿ, ಆಮೇಲೆ ಮೇಲಿನ ಹಾಗೆಯೇ.

ಎಲ್ಲ ನಕ್ಷೆಗೂ ಎಸ್‌ವಿಜಿ ಒಳ್ಳೆಯದೇ? ಇಲ್ಲ. ನಕ್ಷೆಯಲ್ಲಿ ಐವತ್ತು ಸಾವಿರ ಬಿಂದುಗಳಿದ್ದರೆ ಎಸ್‌ವಿಜಿಯಲ್ಲಿ ಒಂದೊಂದು ಬಿಂದುವಿಗೂ ಒಂದೊಂದು ಸಾಲು ಬರುತ್ತದೆ. ಫೈಲ್ ಹಲವು ಎಂಬಿ ಆಗಿ ಫೋನ್ ತಿಣುಕುತ್ತದೆ. ಅಂಥವನ್ನು ಪಿಎನ್‌ಜಿ ಮಾಡಿ:

ಪಿಡಿಎಫ್‌ಟುಪಿಪಿಎಂ -ಪಿಎನ್‌ಜಿ -ಆರ್ 200 -ಸಿಂಗಲ್‌ಫೈಲ್ ನಕ್ಷೆ.ಪಿಡಿಎಫ್ ನಕ್ಷೆ

ಸಿಂಗಲ್‌ಫೈಲ್ ಎಂಬುದನ್ನು ಮರೆತರೆ ಹೆಸರಿನ ಕೊನೆಗೆ ಹೈಫನ್ ಒಂದು ಎಂದು ಸೇರಿಕೊಳ್ಳುತ್ತದೆ. ಆಗ ಚೀಟಿಯಲ್ಲಿರುವ ಹೆಸರೇ ಬೇರೆ, ಫೈಲ್‌ನ ಹೆಸರೇ ಬೇರೆ ಆಗಿ ಚಿತ್ರ ಮತ್ತೆ ಮಾಯ.

200 ಯಾಕೆ? ಲೇಟೆಕ್‌ನ ಆರ್ಟಿಕಲ್ ಕ್ಲಾಸ್‌ನಲ್ಲಿ 10 ಪಾಯಿಂಟ್ ಅಕ್ಷರ ಇದ್ದಾಗ ಸಾಲಿನ ಅಗಲ 345 ಪಾಯಿಂಟ್, ಅಂದರೆ ಸುಮಾರು 4.8 ಇಂಚು. ಬ್ರೌಸರ್ ಒಂದು ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಪೂರ್ತಿ ಅಗಲದ ಚಿತ್ರಕ್ಕೆ ಸುಮಾರು 460 ಪಿಕ್ಸೆಲ್ ಸಾಕು. ಆದರೆ ಈಗಿನ ಫೋನ್ ಪರದೆಗಳಲ್ಲಿ ಚುಕ್ಕಿಗಳು ಒತ್ತೊತ್ತಾಗಿರುವುದರಿಂದ ಕಡೇಪಕ್ಷ ಅದರ ಎರಡರಷ್ಟು ಕೊಟ್ಟರೆ ಅಕ್ಷರ ಚೂಪಾಗಿ ಕಾಣುತ್ತದೆ. 96ರ ಎರಡರಷ್ಟು 192, ಅದನ್ನೇ ದುಂಡಾಗಿ 200 ಎಂದಿಟ್ಟುಕೊಂಡಿದ್ದೇನೆ. ಮುದ್ರಣದ ಅಭ್ಯಾಸದಿಂದ 600 ಕೊಡುವವರಿದ್ದಾರೆ. ಅದರಿಂದ ಓದುಗರ ಡೇಟಾ ಖರ್ಚಾಗುತ್ತದೆ ಅಷ್ಟೇ.

ಇಮೇಜ್‌ಮ್ಯಾಜಿಕ್ ಎಂಬ ಪ್ರಸಿದ್ಧ ಸಾಧನದಿಂದಲೂ ಇದೇ ಕೆಲಸ ಆಗುತ್ತದೆ. ಎರಡು ಎಚ್ಚರಿಕೆ. ಸಾಂದ್ರತೆ ಹೇಳದಿದ್ದರೆ ಅದು ಇಂಚಿಗೆ 72 ಚುಕ್ಕಿಯಲ್ಲಿ ಪಿಡಿಎಫ್ ಓದುತ್ತದೆ, ಚಿತ್ರ ಮಸುಕಾಗುತ್ತದೆ. ಇನ್ನೊಂದು, ಉಬುಂಟು, ಡೆಬಿಯನ್‌ಗಳಲ್ಲಿ ಪಿಡಿಎಫ್, ಇಪಿಎಸ್ ಮುಟ್ಟದಂತೆ ಅದಕ್ಕೆ ಭದ್ರತೆಯ ಕಾರಣಕ್ಕೆ ತಡೆ ಹಾಕಿರುವುದುಂಟು. "ಸೆಕ್ಯುರಿಟಿ ಪಾಲಿಸಿ" ಎಂಬ ಪದ ಇರುವ ದೋಷ ಕಂಡರೆ ಅದೇ ಕಾರಣ. ಆ ತಡೆ ತೆಗೆಯುವ ಉಪಾಯ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ, ಆದರೆ ತೆಗೆಯಬೇಡಿ. ಪಾಪ್ಲರ್ ಬಳಸಿದರೆ ತೆಗೆಯುವ ಅಗತ್ಯವೇ ಬರುವುದಿಲ್ಲ.

ಇನ್ನು ಟಿಕ್‌ಝಡ್. ಲೋಲಕದ ಚಿತ್ರದ ಕೋಡ್ ಪಾಠದ ಒಳಗೇ ಇದೆ. ಪ್ಯಾಂಡಾಕ್‌ನಂಥ ಪರಿವರ್ತಕ ಲೇಟೆಕ್ ಅನ್ನು ಓಡಿಸುವುದೇ ಇಲ್ಲ, ಅಕ್ಷರ ಮಾತ್ರ ಓದುತ್ತದೆ. ಹಾಗಾಗಿ ಆ ಕೋಡ್ ಚಿತ್ರವಾಗುವುದಿಲ್ಲ. ಪರಿಹಾರ ಸುಲಭ. ಆ ಕೋಡ್ ಅನ್ನು ಕತ್ತರಿಸಿ ಬೇರೆ ಫೈಲ್‌ಗೆ ಹಾಕಿ. ಆ ಫೈಲ್‌ಗೆ ಸ್ಟ್ಯಾಂಡ್‌ಅಲೋನ್ ಎಂಬ ಡಾಕ್ಯುಮೆಂಟ್ ಕ್ಲಾಸ್ ಕೊಡಿ, ಆಯ್ಕೆಯಾಗಿ ಟಿಕ್‌ಝಡ್ ಎಂದು ಬರೆಯಿರಿ. ಓಡಿಸಿದರೆ ಚಿತ್ರದಷ್ಟೇ ಅಳತೆಯ ಪಿಡಿಎಫ್ ಬರುತ್ತದೆ, ಪುಟದ ಬಿಳಿ ಅಂಚು ಇರುವುದಿಲ್ಲ. ಅದನ್ನು ಎಸ್‌ವಿಜಿ ಮಾಡಿ. ಪಾಠದಲ್ಲಿ ಕೋಡ್ ಇದ್ದ ಜಾಗದಲ್ಲಿ ಮಾಮೂಲಿ ಚಿತ್ರದ ಹಾಗೆ ಸೇರಿಸಿ. ಇದರಿಂದ ಇನ್ನೊಂದು ಲಾಭವೂ ಇದೆ. ಪಾಠವನ್ನು ಹತ್ತು ಸಲ ಓಡಿಸಿದರೂ ಚಿತ್ರವನ್ನು ಹತ್ತು ಸಲ ಬಿಡಿಸಬೇಕಾಗಿಲ್ಲ.

ಹಂತ 3: ಚಿತ್ರದ ಒಳಗಿನ ಕನ್ನಡವನ್ನು ಕಾಪಾಡಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದಿಲ್ಲ, ನಮಗೆ ಮಾತ್ರ ಬೇಕು.

ನಿಮ್ಮ ನಕ್ಷೆಯ ಒಂದು ಅಕ್ಷದಲ್ಲಿ "ಉಷ್ಣಾಂಶ" ಎಂದು ಬರೆದಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ ಅದು "ಉಷ್‌ಣಾಂಶ" ಎಂದು ಬಿಡಿಬಿಡಿಯಾಗಿ ಬಂದಿದ್ದರೆ ಒತ್ತಕ್ಷರ ಕೂಡಿಸುವ ಕೆಲಸ ಎಲ್ಲೋ ತಪ್ಪಿದೆ. ಷಕಾರದ ತಲೆಯ ಮೇಲೆ ಅರ್ಧಾಕ್ಷರದ ಗುರುತು ಕಾಣುತ್ತದೆ, ಕೆಳಗೆ ಕೂರಬೇಕಾದ ಣಕಾರ ಪಕ್ಕದಲ್ಲಿ ನಿಂತಿರುತ್ತದೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನಕ್ಷೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಹೆಚ್ಚಿನವರ ಬಳಿ ಇರುವ ಆವೃತ್ತಿಗಳು ಕನ್ನಡದ ಒತ್ತುಗಳನ್ನು ತಾವಾಗಿ ಕೂಡಿಸುವುದಿಲ್ಲ. ಒಳ್ಳೆಯ ಫಾಂಟ್ ಕೊಟ್ಟರೂ ಸರಿಹೋಗುವುದಿಲ್ಲ. ದಾರಿ ಏನು? ಮ್ಯಾಟ್‌ಪ್ಲಾಟ್‌ಲಿಬ್‌ಗೆ ಪಿಜಿಎಫ್ ಎಂಬ ಬ್ಯಾಕ್‌ಎಂಡ್, ಅಂದರೆ ನಕ್ಷೆಯನ್ನು ಫೈಲ್‌ಗೆ ಬರೆಯುವ ಒಳಭಾಗ, ಬಳಸಲು ಹೇಳಿ. ಆಗ ಅದು ಅಕ್ಷರಗಳ ಕೆಲಸವನ್ನು ಝೀಲೇಟೆಕ್‌ಗೆ, ಅಂದರೆ ಯೂನಿಕೋಡ್ ಫಾಂಟ್‌ಗಳನ್ನು ಬಳಸಬಲ್ಲ ಲೇಟೆಕ್‌ಗೆ, ವಹಿಸುತ್ತದೆ. ಝೀಲೇಟೆಕ್‌ಗೆ ಕನ್ನಡ ಫಾಂಟ್‌ನ ಹೆಸರು ಹೇಳಿ, ಲಿಪಿ ಕನ್ನಡ ಎಂದು ತಿಳಿಸಿದರೆ ಒತ್ತುಗಳು ತಮ್ಮ ಜಾಗದಲ್ಲಿ ಕೂರುತ್ತವೆ.

ಈಗ ಪಿಡಿಎಫ್‌ನಲ್ಲಿ ಕನ್ನಡ ಸರಿಯಾಗಿದೆ. ಎಸ್‌ವಿಜಿ ಮಾಡುವಾಗ ಮತ್ತೆ ಕೆಡಬಹುದು. ಎಸ್‌ವಿಜಿಯಲ್ಲಿ ಅಕ್ಷರವನ್ನು ಎರಡು ರೀತಿ ಇಡಬಹುದು. ಅಕ್ಷರವಾಗಿಯೇ ಇಟ್ಟರೆ ತೋರಿಸುವ ಸಮಯಕ್ಕೆ ಫಾಂಟ್ ಬೇಕು. ಆಕಾರವಾಗಿ, ಅಂದರೆ ಗೆರೆಗಳ ಸುತ್ತುಗಳಾಗಿ ಇಟ್ಟರೆ ಫಾಂಟ್ ಬೇಕಿಲ್ಲ. ಚಿತ್ರವಾಗಿ ಸೇರಿಸಿದ ಎಸ್‌ವಿಜಿ ಹೊರಗಿನಿಂದ ಫಾಂಟ್ ತರಿಸಿಕೊಳ್ಳಲು ಬ್ರೌಸರ್ ಬಿಡುವುದಿಲ್ಲ. ನಿಮ್ಮ ಪುಟದ ಪಠ್ಯಕ್ಕೆ ಎಂಥ ಚಂದದ ವೆಬ್ ಫಾಂಟ್ ಹಾಕಿದ್ದರೂ ಚಿತ್ರದೊಳಕ್ಕೆ ಅದು ಹೋಗುವುದಿಲ್ಲ. ಓದುಗರ ಫೋನ್‌ನಲ್ಲಿರುವ ಯಾವುದೋ ಫಾಂಟ್ ಬಂದು ಕೂರುತ್ತದೆ, ಅಗಲ ಬದಲಾಗಿ ಅಕ್ಷರ ಗೆರೆಯ ಮೇಲೆ ಹತ್ತುತ್ತದೆ. ಆದ್ದರಿಂದ ಕನ್ನಡ ಇರುವ ಚಿತ್ರದಲ್ಲಿ ಅಕ್ಷರ ಆಕಾರವಾಗಿಯೇ ಇರಲಿ. ಪಾಪ್ಲರ್‌ನ ಸಾಧನ ಹಾಗೇ ಮಾಡುತ್ತದೆ, ನಾನು ಅದನ್ನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಇಂಕ್‌ಸ್ಕೇಪ್‌ನಲ್ಲಿ ಪಿಡಿಎಫ್ ತೆರೆಯುವವರು ಮೊದಲು ಬರುವ ಕಿಟಕಿಯಲ್ಲಿ ಪಾಪ್ಲರ್ ಆಮದು ಎಂಬ ಆಯ್ಕೆಯನ್ನೇ ಆರಿಸಿ. ಇನ್ನೊಂದು ಆಯ್ಕೆ ಅಕ್ಷರಗಳನ್ನು ಮತ್ತೆ ಅಕ್ಷರವಾಗಿ ಓದಲು ಹೋಗುತ್ತದೆ, ಕನ್ನಡದ ಒತ್ತು, ಗುಣಿತಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಆಕಾರ ಮಾಡಿದರೆ ಒಂದು ನಷ್ಟವೂ ಇದೆ. ಚಿತ್ರದೊಳಗಿನ ಪದವನ್ನು ಹುಡುಕಲು, ನಕಲು ಮಾಡಲು ಆಗುವುದಿಲ್ಲ. ಅದನ್ನು ಹಂತ 7ರಲ್ಲಿ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳೋಣ.

ಹಂತ 4: ಲೇಟೆಕ್ ಫೈಲ್‌ನಲ್ಲಿ ಬರೆಯುವ ರೀತಿ

ಗ್ರಾಫಿಕ್ಸ್‌ಎಕ್ಸ್ ಪ್ಯಾಕೇಜ್, ಫಿಗರ್ ಎನ್ವಿರಾನ್‌ಮೆಂಟ್, ಅದರೊಳಗೆ ಇನ್‌ಕ್ಲೂಡ್‌ಗ್ರಾಫಿಕ್ಸ್ ಕಮಾಂಡ್, ಆಮೇಲೆ ಕ್ಯಾಪ್ಶನ್, ಅದರ ಕೆಳಗೆ ಲೇಬಲ್. ಇದು ನಿಮಗೆ ಗೊತ್ತಿರುವುದೇ. ಗಮನ ಕೊಡಬೇಕಾದದ್ದು ಇವು.

ಪಿಡಿಎಫ್, ಎಸ್‌ವಿಜಿ ಎರಡೂ ಪ್ರತಿ ಇರುವ ಚಿತ್ರಕ್ಕೆ ಬಾಲ ಬರೆಯಬೇಡಿ. ಸುಮ್ನೆ "ನಕ್ಷೆ" ಎಂದಷ್ಟೇ ಕೊಡಿ. ಪಿಡಿಎಫ್‌ಲೇಟೆಕ್‌ಗೆ ಎಸ್‌ವಿಜಿ ಓದಲು ಬರುವುದಿಲ್ಲ, ಹಾಗಾಗಿ ಅದು ತಾನಾಗಿಯೇ ಪಿಡಿಎಫ್ ಪ್ರತಿಯನ್ನು ಎತ್ತಿಕೊಳ್ಳುತ್ತದೆ. ಎಚ್‌ಟಿಎಂಎಲ್ ಮಾಡುವಾಗ ಎಸ್‌ವಿಜಿ ತೆಗೆದುಕೊ ಎಂದು ಪರಿವರ್ತಕಕ್ಕೆ ನಾವು ಹೇಳುತ್ತೇವೆ. ಮೂಲ ಫೈಲ್ ಒಂದೇ, ಎರಡು ಕಡೆಗೂ ಸಲ್ಲುತ್ತದೆ. ಫೋಟೋಗೆ ಮಾತ್ರ ಜೆಪಿಜಿ ಎಂಬ ಬಾಲವನ್ನು ಬರೆದೇ ಬಿಡಿ, ಅದಕ್ಕೆ ಇರುವುದು ಒಂದೇ ರೂಪ.

ಲೇಬಲ್ ಯಾವಾಗಲೂ ಕ್ಯಾಪ್ಶನ್‌ನ ಕೆಳಗೇ ಇರಲಿ. ಮೇಲಿದ್ದರೆ ಚಿತ್ರದ ಸಂಖ್ಯೆಯ ಬದಲು ವಿಭಾಗದ ಸಂಖ್ಯೆ ಬರುತ್ತದೆ. ಚಿತ್ರ 2 ಎಂದು ಬರಬೇಕಾದ ಕಡೆ ಚಿತ್ರ 3.1 ಎಂದು ಬಂದಿದ್ದರೆ ಇದನ್ನೇ ನೋಡಿ.

"ಮುಂದಿನ ಪುಟದ ಚಿತ್ರ ನೋಡಿ", "ಮೇಲಿನ ಎಡಗಡೆಯ ಚಿತ್ರ" ಎಂದೆಲ್ಲ ಬರೆದಿದ್ದರೆ ತಿದ್ದಿ. ಎಚ್‌ಟಿಎಂಎಲ್‌ನಲ್ಲಿ ಪುಟವೇ ಇಲ್ಲ, ಫೋನ್‌ನಲ್ಲಿ ಎಡಬಲವೂ ಇಲ್ಲ. ರೆಫ್ ಕಮಾಂಡ್ ಬಳಸಿ ಸಂಖ್ಯೆಯಿಂದಲೇ ಕರೆಯಿರಿ.

ಅಗಲವನ್ನು ಸೆಂಟಿಮೀಟರ್‌ನಲ್ಲಿ ಕೊಡುವ ಬದಲು ಸಾಲಿನ ಅಗಲದ ಭಾಗವಾಗಿ, ಅಂದರೆ ಟೆಕ್ಸ್ಟ್‌ವಿಡ್ತ್‌ನ 0.6ರಷ್ಟು ಎಂಬ ಹಾಗೆ ಕೊಡಿ. ಪ್ಯಾಂಡಾಕ್ ಅದನ್ನು ಶೇಕಡಾ 60 ಎಂದು ತಿಳಿದುಕೊಳ್ಳುತ್ತದೆ.

ಹಂತ 5: ಪರಿವರ್ತಕವನ್ನು ಓಡಿಸಿ

ಮೂರು ಒಳ್ಳೆಯ ಉಚಿತ ಪರಿವರ್ತಕಗಳಿವೆ. ಯಾವುದನ್ನು ಆರಿಸಬೇಕು ಎಂದು ಕೇಳಿದರೆ, ಪಾಠ ಸರಳವಾಗಿದ್ದರೆ ಪ್ಯಾಂಡಾಕ್, ನಿಮ್ಮದೇ ಕಮಾಂಡ್‌ಗಳು, ವಿಶೇಷ ಪ್ಯಾಕೇಜ್‌ಗಳು ತುಂಬಾ ಇದ್ದರೆ ಮೇಕ್4ಎಚ್‌ಟಿ ಎನ್ನುತ್ತೇನೆ.

ಪ್ಯಾಂಡಾಕ್. ಜಾನ್ ಮ್ಯಾಕ್‌ಫಾರ್ಲೇನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು 2006ರಲ್ಲಿ ಶುರು ಮಾಡಿದ ತಂತ್ರಾಂಶ ಇದು. ಬಳಸುವುದು ಬಹಳ ಸುಲಭ:

ಪ್ಯಾಂಡಾಕ್ ಪಾಠ.ಟೆಕ್ -ಎಸ್ --ಡಿಫಾಲ್ಟ್-ಇಮೇಜ್-ಎಕ್ಸ್‌ಟೆನ್ಶನ್=ಎಸ್‌ವಿಜಿ -ಓ ಪಾಠ.ಎಚ್‌ಟಿಎಂಎಲ್

ಮಧ್ಯದ ಆ ಉದ್ದನೆಯ ಆಯ್ಕೆಯೇ ಗುಟ್ಟು. ಬಾಲ ಇಲ್ಲದ ಚಿತ್ರ ಸಿಕ್ಕಿದರೆ ಎಸ್‌ವಿಜಿ ಸೇರಿಸಿಕೊ ಎಂದು ಅರ್ಥ. ಆದರೆ ಆ ಫೈಲ್ ನಿಜವಾಗಿ ಇದೆಯೋ ಇಲ್ಲವೋ ಎಂದು ಅದು ಹುಡುಕುವುದಿಲ್ಲ, ಕಣ್ಣುಮುಚ್ಚಿ ಸೇರಿಸುತ್ತದೆ. ಫೋಟೋಗೆ ಬಾಲ ಬರೆಯಿರಿ ಎಂದು ಹಂತ 4ರಲ್ಲಿ ಹೇಳಿದ್ದು ಇದಕ್ಕೇ. ಬರೆಯದಿದ್ದರೆ ಇಲ್ಲದ ಎಸ್‌ವಿಜಿಗೆ ಚೀಟಿ ಹೋಗುತ್ತದೆ.

ಪ್ಯಾಂಡಾಕ್‌ನಲ್ಲಿ ಇನ್ನೊಂದು ಕೊರತೆ. ಪಠ್ಯದಲ್ಲಿ "ಚಿತ್ರ 2 ನೋಡಿ" ಎಂಬಲ್ಲಿ ಸಂಖ್ಯೆ ಬಂದರೂ ಚಿತ್ರದ ಕೆಳಗಿನ ಶೀರ್ಷಿಕೆಯಲ್ಲಿ "ಚಿತ್ರ 2" ಎಂಬುದು ಬರುವುದಿಲ್ಲ, ಬರೀ ವಿವರಣೆ ಬರುತ್ತದೆ. ಪುಟದ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ಅಂದ ಹೇಳುವ ಭಾಗದಲ್ಲಿ, ಒಂದು ಎಣಿಕೆ ಇಟ್ಟು ಪ್ರತಿ ಶೀರ್ಷಿಕೆಯ ಮುಂದೆ "ಚಿತ್ರ" ಎಂಬ ಪದ ಮತ್ತು ಸಂಖ್ಯೆ ಬರುವಂತೆ ಮಾಡಬಹುದು. ಸಿಎಸ್‌ಎಸ್ ಕೌಂಟರ್ ಎಂದು ಹುಡುಕಿದರೆ ನಾಲ್ಕು ಸಾಲಿನ ಮಾದರಿ ಸಿಗುತ್ತದೆ.

ಮೇಕ್4ಎಚ್‌ಟಿ. ಇದರ ಬೇರು ಟೆಕ್4ಎಚ್‌ಟಿ ಎಂಬ ಹಳೆಯ ತಂತ್ರಾಂಶದಲ್ಲಿದೆ. ಅದನ್ನು ಕಟ್ಟಿದವರು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಐತಾನ್ ಗುರಾರಿ. ಅವರು 2009ರಲ್ಲಿ ತೀರಿಕೊಂಡ ಮೇಲೆ ಅದನ್ನು ಉಳಿಸಿಕೊಂಡವರಲ್ಲಿ ಕೇರಳದ ಸಿ.ವಿ. ರಾಧಾಕೃಷ್ಣನ್ ಅವರೂ ಒಬ್ಬರು. ಈಗ ಮಿಖಾಲ್ ಹೋಫ್ಟಿಕ್ ಅದನ್ನು ಬೆಳೆಸುತ್ತಿದ್ದಾರೆ. ಇದು ಪ್ಯಾಂಡಾಕ್‌ನಂತಲ್ಲ, ನಿಜವಾದ ಲೇಟೆಕ್ ಅನ್ನೇ ಓಡಿಸುತ್ತದೆ. ಆದ್ದರಿಂದ ನಿಮ್ಮ ಸ್ವಂತ ಕಮಾಂಡ್‌ಗಳೆಲ್ಲ ಅದಕ್ಕೆ ಅರ್ಥವಾಗುತ್ತವೆ. ಕನ್ನಡ ಪಾಠಕ್ಕೆ ಹೀಗೆ:

ಮೇಕ್4ಎಚ್‌ಟಿ -ಎಲ್ ಪಾಠ.ಟೆಕ್

ನಡುವಿನ ನಾಲ್ಕು ಅಂಕಿಯೇ. ಎಲ್ ಎಂದರೆ ಲುವಾಲೇಟೆಕ್ ಬಳಸು ಎಂದು. ಅದಿಲ್ಲದೆ ಓಡಿಸಿದರೆ ಹಳೆಯ ಲೇಟೆಕ್ ಓಡುತ್ತದೆ, ಕನ್ನಡ ಫಾಂಟ್ ಹೇಳುವ ಸಾಲಿನಲ್ಲೇ ನಿಂತುಬಿಡುತ್ತದೆ.

ಚಿತ್ರಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂದು ಡಿಕ್ಲೇರ್‌ಗ್ರಾಫಿಕ್ಸ್‌ಎಕ್ಸ್‌ಟೆನ್ಶನ್ಸ್ ಕಮಾಂಡ್‌ನಿಂದ ಹೇಳಿ. ಈ ಹೆಸರಿನಲ್ಲಿ ಡಿ, ಜಿ, ಇ ಮೂರು ಮಾತ್ರ ದೊಡ್ಡ ಅಕ್ಷರ. ಮೊದಲು ಎಸ್‌ವಿಜಿ, ಆಮೇಲೆ ಪಿಎನ್‌ಜಿ, ಆಮೇಲೆ ಜೆಪಿಜಿ. ಈ ಸಾಲನ್ನು ಮೂಲ ಪಾಠದಲ್ಲಿ ಹಾಕಬೇಡಿ, ಹಾಕಿದರೆ ಪಿಡಿಎಫ್ ಮಾಡುವಾಗ ತೊಂದರೆ. ಸಿಎಫ್‌ಜಿ ಬಾಲದ ಬೇರೆ ಸಂರಚನಾ ಫೈಲ್‌ನಲ್ಲಿ ಬರೆದು, ಓಡಿಸುವಾಗ -ಸಿ ಎಂದು ಕೊಟ್ಟು ಅದರ ಹೆಸರು ಹೇಳಿ. ನಿಮ್ಮ ಟೆಕ್ ಲೈವ್ ತುಂಬಾ ಹಳೆಯದಾಗಿದ್ದು ಎಸ್‌ವಿಜಿಗೆ ತಕರಾರು ಮಾಡಿದರೆ ಹೊಸದು ಹಾಕಿಕೊಳ್ಳಿ, ಆಗದಿದ್ದರೆ ಪಿಎನ್‌ಜಿಯಲ್ಲೇ ಮುಗಿಸಿ.

ಇಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುವ ದೋಷ ಒಂದಿದೆ. "ಕೆನಾಟ್ ಡಿಟರ್ಮಿನ್ ಸೈಜ್ ಆಫ್ ಗ್ರಾಫಿಕ್" ಎಂದು ಬರುತ್ತದೆ, ಜೊತೆಗೆ ಬೌಂಡಿಂಗ್‌ಬಾಕ್ಸ್ ಇಲ್ಲ ಎಂಬ ದೂರು. ಫೈಲ್ ಸಿಕ್ಕಿದೆ, ಅದರ ಅಳತೆ ಗೊತ್ತಾಗಲಿಲ್ಲ ಎಂದರ್ಥ. ಪಿಎನ್‌ಜಿ, ಜೆಪಿಜಿಗಳಿಗೆ ಎಕ್ಸ್‌ಟ್ರ್ಯಾಕ್ಟ್‌ಬಿಬಿ ಎಂಬ ಸಾಧನವನ್ನು -ಎಕ್ಸ್ ಆಯ್ಕೆಯೊಂದಿಗೆ ಓಡಿಸಿ. ಅಳತೆ ಬರೆದಿಟ್ಟ ಎಕ್ಸ್‌ಬಿಬಿ ಬಾಲದ ಚಿಕ್ಕ ಫೈಲ್ ಒಂದು ಚಿತ್ರದ ಪಕ್ಕದಲ್ಲೇ ಹುಟ್ಟುತ್ತದೆ. ಮತ್ತೆ ಪರಿವರ್ತಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೂರನೆಯದು ಲೇಟೆಕ್ಸ್‌ಎಂಎಲ್. ಅಮೆರಿಕದ ನಿಸ್ಟ್ ಸಂಸ್ಥೆಯಲ್ಲಿ ಬ್ರೂಸ್ ಮಿಲ್ಲರ್ ಅವರು ಗಣಿತದ ದೊಡ್ಡ ಕೈಪಿಡಿಯೊಂದನ್ನು ವೆಬ್‌ಗೆ ತರಲು ಕಟ್ಟಿದ್ದು. ಸಂಶೋಧನಾ ಪ್ರಬಂಧಗಳನ್ನು ಎಲ್ಲರಿಗೂ ಉಚಿತವಾಗಿ ಓದಲು ಇಡುವ ಆರ್ಕೈವ್ ತಾಣ 2023ರ ಡಿಸೆಂಬರ್‌ನಿಂದ ಹೊಸ ಪ್ರಬಂಧಗಳನ್ನು ಎಚ್‌ಟಿಎಂಎಲ್‌ನಲ್ಲೂ ತೋರಿಸುವುದು ಇದರಿಂದಲೇ. ನೀವು ಅಲ್ಲಿ ಪ್ರಬಂಧ ಹಾಕುವವರಾದರೆ ಅಲ್ಲಿ ಚಿತ್ರ ಹೇಗೆ ಬಂದಿದೆ ಎಂದು ಒಮ್ಮೆ ನೋಡಿಬಿಡಿ. ಇದು ಚಿತ್ರ ಬದಲಿಸಲು ಇಮೇಜ್‌ಮ್ಯಾಜಿಕ್ ಅನ್ನು ನೆಚ್ಚಿಕೊಂಡಿದೆ, ಹಾಗಾಗಿ ಹಂತ 2ರಲ್ಲಿ ಹೇಳಿದ ತಡೆ ಇಲ್ಲೂ ಕಾಡಬಹುದು.

ಹಂತ 6: ಫೋನ್ ಪರದೆಗೆ ಹೊಂದಿಸಿ

ಚಿತ್ರ ಬಂತು, ಆದರೆ ಪರದೆಯಿಂದ ಆಚೆ ಚಾಚಿಕೊಂಡಿದೆ. ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಬೇಕಾಗಿದೆ. ಸಿಎಸ್‌ಎಸ್‌ನಲ್ಲಿ ಎಲ್ಲ ಚಿತ್ರಕ್ಕೂ ಗರಿಷ್ಠ ಅಗಲ, ಅಂದರೆ ಮ್ಯಾಕ್ಸ್-ವಿಡ್ತ್, ಶೇಕಡಾ 100 ಎಂದೂ ಎತ್ತರ, ಅಂದರೆ ಹೈಟ್, ಆಟೋ ಎಂದೂ ಬರೆಯಿರಿ. ಎತ್ತರದ ಮಾತು ಬಿಟ್ಟರೆ ಚಿತ್ರ ಪಕ್ಕದಿಂದ ಹಿಸುಕಿದ ಹಾಗೆ ಕಾಣುತ್ತದೆ, ಲೋಲಕದ ಗುಂಡು ಮೊಟ್ಟೆಯಾಗುತ್ತದೆ.

ಬಿಳಿ ಹಿನ್ನೆಲೆಯನ್ನೂ ಸೇರಿಸಿ. ಎಸ್‌ವಿಜಿಗಳ ಹಿನ್ನೆಲೆ ಎಷ್ಟೋ ಸಲ ಪಾರದರ್ಶಕ. ರಾತ್ರಿ ಫೋನ್ ಅನ್ನು ಡಾರ್ಕ್ ಮೋಡ್‌ನಲ್ಲಿಟ್ಟು ಓದುವವರಿಗೆ ಕಪ್ಪು ಪುಟದ ಮೇಲೆ ಕಪ್ಪು ಗೆರೆ ಕಾಣುವುದಾದರೂ ಹೇಗೆ?

ಹಂತ 7: ಕಣ್ಣು ಕಾಣದವರಿಗೂ ಚಿತ್ರ ತಲುಪಲಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಚಿತ್ರಕ್ಕೆ ಬದಲಿ ಪಠ್ಯ ಕೊಡಬೇಕು. ಅದನ್ನು ಆಲ್ಟ್ ಎನ್ನುತ್ತಾರೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಚಿತ್ರ ಬಂದಾಗ ಓದುವುದು ಇದನ್ನೇ. ಎನ್‌ವಿಡಿಎ ಎಂಬ ಉಚಿತ ರೀಡರ್ ಕನ್ನಡವನ್ನೂ ಓದುತ್ತದೆ, ನೀವು ಬರೆದದ್ದು ವ್ಯರ್ಥವಾಗುವುದಿಲ್ಲ.

ಗ್ರಾಫಿಕ್ಸ್‌ಎಕ್ಸ್‌ನ ಈಗಿನ ಆವೃತ್ತಿಯಲ್ಲಿ ಅಗಲ ಕೊಡುವ ಜಾಗದಲ್ಲೇ ಆಲ್ಟ್ ಎಂದು ಬರೆದು, ವಿವರಣೆಯನ್ನು ಪುಷ್ಪಾವರಣದಲ್ಲಿ ಕೊಡಬಹುದು. ಆವರಣ ಇಲ್ಲದಿದ್ದರೆ ವಿವರಣೆಯೊಳಗಿನ ಮೊದಲ ಅಲ್ಪವಿರಾಮಕ್ಕೇ ಲೇಟೆಕ್ ಮಾತು ಮುಗಿಯಿತು ಎಂದುಕೊಳ್ಳುತ್ತದೆ.

ಏನು ಬರೆಯಬೇಕು? "ನಕ್ಷೆ" ಎಂದಷ್ಟೇ ಬರೆದರೆ ಬರೆಯದಿದ್ದ ಹಾಗೆಯೇ. ನಮ್ಮ ಉದಾಹರಣೆಗೆ ನಾನು ಹೀಗೆ ಬರೆಯುತ್ತೇನೆ: "ಅಡ್ಡ ಅಕ್ಷದಲ್ಲಿ ದಾರದ ಉದ್ದ, ಲಂಬ ಅಕ್ಷದಲ್ಲಿ ಅವಧಿಯ ವರ್ಗ. ಬಿಂದುಗಳೆಲ್ಲ ಮೂಲಬಿಂದುವಿನಿಂದ ಹೊರಟ ಒಂದು ನೇರ ಗೆರೆಯ ಮೇಲಿವೆ. ಒಂದು ಮೀಟರ್ ಉದ್ದಕ್ಕೆ ಅವಧಿಯ ವರ್ಗ ಸುಮಾರು ನಾಲ್ಕು." ಚಿತ್ರ ನೋಡಿದವರಿಗೆ ಏನು ತಿಳಿಯಿತೋ ಅದು ಕೇಳಿದವರಿಗೂ ತಿಳಿಯಿತು, ಅಲ್ವಾ? ಹಂತ 3ರಲ್ಲಿ ಆಕಾರವಾಗಿ ಹೋದ ಪದಗಳೂ ಇಲ್ಲಿ ಪಠ್ಯವಾಗಿ ಉಳಿಯುತ್ತವೆ.

ಪರಿವರ್ತಿಸಿದ ಮೇಲೆ ಎಚ್‌ಟಿಎಂಎಲ್ ಫೈಲ್ ತೆರೆದು ಆಲ್ಟ್ ಎಂದು ಹುಡುಕಿ. ಪ್ಯಾಂಡಾಕ್ ಆ ಜಾಗದಲ್ಲಿ "ಇಮೇಜ್" ಎಂಬ ಇಂಗ್ಲಿಷ್ ಪದವನ್ನು ಹಾಕಿರುವುದುಂಟು. ಹಾಗಿದ್ದರೆ ಕೈಯಿಂದಲೇ ತಿದ್ದಿ.

ಹಂತ 8: ಬೇರೆ ಕಡೆ ತೆರೆದು ನೋಡಿ

ನಿಮ್ಮ ಕಂಪ್ಯೂಟರಿನ ಅದೇ ಫೋಲ್ಡರ್‌ನಲ್ಲಿ ತೆರೆದು ನೋಡಿದರೆ ಪರೀಕ್ಷೆ ಆಗಲಿಲ್ಲ. ಅಲ್ಲಿ ಎಲ್ಲ ಫೈಲೂ ಇದ್ದೇ ಇರುತ್ತವೆ. ಎಚ್‌ಟಿಎಂಎಲ್ ಮತ್ತು ಚಿತ್ರಗಳ ಫೋಲ್ಡರ್ ಎರಡನ್ನೂ ಬೇರೆ ಜಾಗಕ್ಕೆ ನಕಲು ಮಾಡಿ, ಅಲ್ಲಿಂದ ತೆರೆಯಿರಿ. ಚಿತ್ರ ಕಾಣದಿದ್ದರೆ ಅದರ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ, ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ವಿಳಾಸದ ಪಟ್ಟಿಯಲ್ಲಿ ಬ್ರೌಸರ್ ಯಾವ ಜಾಗದಲ್ಲಿ ಯಾವ ಹೆಸರು ಹುಡುಕುತ್ತಿದೆ ಎಂದು ಕಾಣುತ್ತದೆ. ಅದನ್ನು ನಿಮ್ಮ ಫೈಲ್ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಎಚ್‌ಟಿಎಂಎಲ್ ಒಳಗೇ ಬರೆದಿದ್ದರೆ ಮೂಲ ಲೇಟೆಕ್‌ಗೆ ಹೋಗಿ ಅದನ್ನು ತೆಗೆದು, ಫೋಲ್ಡರ್ ಹೆಸರು, ಓರೆಗೆರೆ, ಚಿತ್ರದ ಹೆಸರು ಇಷ್ಟೇ ಉಳಿಸಿ. ವಿಂಡೋಸ್‌ನ ಹಿಮ್ಮುಖ ಓರೆಗೆರೆ ಬೇಡ, ಮುಮ್ಮುಖದ್ದು ಹಾಕಿ.

ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಒಂದೇ ಫೈಲ್ ಆಗಿ ಕಳಿಸಬೇಕೇ? ಪ್ಯಾಂಡಾಕ್‌ಗೆ --ಎಂಬೆಡ್-ರಿಸೋರ್ಸಸ್ ಎಂಬ ಆಯ್ಕೆ ಕೊಡಿ. ಚಿತ್ರಗಳೆಲ್ಲ ಎಚ್‌ಟಿಎಂಎಲ್ ಒಳಗೇ ಸೇರಿಕೊಳ್ಳುತ್ತವೆ, ಇದೂ ಬುತ್ತಿಯೇ ಆಗುತ್ತದೆ. ಹೀಗೆ ಸೇರಿಸಿದ ಫೋಟೋಗಳು ತಮ್ಮ ಮೂಲ ಗಾತ್ರಕ್ಕಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಜಾಗ ತಿನ್ನುತ್ತವೆ. ಹಾಗಾಗಿ ಮೊಬೈಲ್‌ನಿಂದ ಬಂದ ನಾಲ್ಕೈದು ಎಂಬಿಯ ಫೋಟೋವನ್ನು ಹಾಗೇ ತುಂಬಬೇಡಿ. ಅಗಲ 1000 ಪಿಕ್ಸೆಲ್‌ಗೆ ಇಳಿಸಿ, ಆಮೇಲೆ ಸೇರಿಸಿ.